ಕಾಳಿಯೆಂಬ ನಾಯಿಯೂ ನಮ್ಮ ತೋಟದ ಕಲ್ಲುಗಳೂ

(ತಿಪಟೂರಿನಲ್ಲಿ ಉಪಾಧ್ಯಾಯರೂ ಪುರಜನರೂ ನೆರೆದಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಎಳೆಯ ಮಕ್ಕಳಿಗೆ ಪುರಾತನ ಇತಿಹಾಸವನ್ನು ಹೇಗೆ ತೋರಿಸಬೇಕೆಂಬ ವಿಷಯವಾಗಿ ನಾಲ್ಕು ಮಾತು ಅರಿಕೆ ಮಾಡಬೇಕೆಂದು ತಾವು ಅಪ್ಪಣೆ ಮಾಡಿದ್ದೀರಿ. ನಾನು ಪುರಾತತ್ತ್ವದ ಪಂಡಿತನಲ್ಲ. ಮೂವತ್ತು ವರ್ಷಕ್ಕೆ ಮಿಕ್ಕಿ ಈ ಸೀಮೆಯ ಶಾಲೆಗಳಲ್ಲಿ ಸೀಮೆಸುಣ್ಣ ಹಿಡಿದವನು. ಈಗ ವಿಶ್ರಾಂತಿವೇತನ ಪಡೆದು ತೋಟದ ಮನೆಯಲ್ಲಿರುವವನು. ಒಬ್ಬ ಮೊಮ್ಮಗನಿಗೆ ತಾತನಾದವನು. ಇಷ್ಟೇ ನನ್ನ ಅಧಿಕಾರ. ಇವುಗಳಲ್ಲಿ ಕೊನೆಯದೇ ಈ ದಿನ ಹೆಚ್ಚಾಗಿ ಉಪಯೋಗಕ್ಕೆ ಬರುವುದೆಂದು ತೋರುತ್ತದೆ.

ಮೊದಲು ಎದುರಾಗುವ ಆಕ್ಷೇಪಣೆಯನ್ನೇ ಎತ್ತಿಕೊಳ್ಳೋಣ. "ಆರು ವರ್ಷದ ಕೂಸಿಗೆ ಶಾಸನವೇನು, ವೀರಗಲ್ಲೇನು? ಗಂಗರಾರು, ಕದಂಬರಾರು ಎಂದು ಅದಕ್ಕೇನು ತಿಳಿದೀತು? ಹೈಸ್ಕೂಲಿಗೆ ಬರಲಿ, ಆಮೇಲೆ ನೋಡೋಣ" ಎನ್ನುವವರು ನಮ್ಮಲ್ಲಿ ಬಹುಮಂದಿ. ಆದರೆ ಅದೇ ಕೂಸಿಗೆ ನಾವು ರಾಮಾಯಣದ ಕಥೆಯನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಹೇಳತೊಡಗುತ್ತೇವೆ. ತ್ರೇತಾಯುಗಕ್ಕೆ ಎಷ್ಟು ವರ್ಷವಾಯಿತೆಂದು ಇದುವರೆಗೆ ಯಾವ ಮಗುವೂ ಕೇಳಿದ್ದನ್ನು ನಾನು ಕಾಣೆ. ಹನುಮಂತನ ಬಾಲಕ್ಕೆ ಬೆಂಕಿ ಹತ್ತಿತೆಂದರೆ ಸಾಕು, ಉಳಿದುದೆಲ್ಲವೂ ಅದರ ಬೆಳಕಿನಲ್ಲಿ ಕಾಣಿಸಿಕೊಳ್ಳುತ್ತದೆ. ಹೈಸ್ಕೂಲಿಗೆ ಬರುವ ಹೊತ್ತಿಗಾದರೋ ಇತಿಹಾಸವೆಂದರೆ ಇಸವಿಗಳ ಉರುವೆಂಬ ಭಾವನೆ ಹುಡುಗನ ಮನಸ್ಸಿನಲ್ಲಿ ನಾಟಿಹೋಗಿರುತ್ತದೆ. ಪರೀಕ್ಷೆಯ ಭಯ ಬೇರೆ. ತೆಂಗಿನ ಸಸಿಯನ್ನು ನೆಡಲು ಮರವಾಗಲೆಂದು ಕಾಯುವ ಒಕ್ಕಲಿಗನು ನಮ್ಮ ಮೂರು ತಾಲೂಕುಗಳಲ್ಲಿ ಎಲ್ಲಿಯೂ ಇಲ್ಲ.

ಎರಡನೆಯ ಮಾತು ಉಪಾಧ್ಯಾಯರಿಗೆ ಸ್ವಲ್ಪ ಕಹಿಯಾದೀತು. ನಾವು ಮಕ್ಕಳನ್ನು ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗುವುದಿಲ್ಲವೆಂದಲ್ಲ. ವರ್ಷಕ್ಕೊಮ್ಮೆ ಪ್ರವಾಸವೆಂದು ಬಸ್ಸು ಮಾಡಿಕೊಂಡು, ಒಂದೇ ದಿನದಲ್ಲಿ ವಿಧಾನಸೌಧ, ಲಾಲ್‌ಬಾಗು, ಬನ್ನೇರುಘಟ್ಟ, ನಡುವೆ ಅರ್ಧ ಗಂಟೆ ವಸ್ತುಸಂಗ್ರಹಾಲಯ, ಹೀಗೆ ಸುತ್ತಿಸಿ ರಾತ್ರಿ ಹನ್ನೊಂದಕ್ಕೆ ತಿರುಗಿ ತರುತ್ತೇವೆ. ಅರವತ್ತು ಮಕ್ಕಳು ಒಬ್ಬರ ಹೆಗಲ ಮೇಲೊಬ್ಬರು ಕೈಯಿಟ್ಟು ಸಾಲಾಗಿ, ಎರಡು ಸಾವಿರ ವರ್ಷಗಳನ್ನು ಹತ್ತು ನಿಮಿಷದಲ್ಲಿ ದಾಟಿಬಿಡುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆ ಹೊತ್ತಿನಲ್ಲಿ ಕಿವಿಗೆ ಬೀಳುವ ಮಾತುಗಳು ಮೂರೇ: "ಮುಟ್ಟಬೇಡ", "ಮುಂದೆ ನಡೆ", "ಗಲಾಟೆ ಮಾಡಬೇಡ". ಒಬ್ಬ ಹುಡುಗನು ಕಲ್ಲೊಂದರ ಮುಂದೆ ತಾನಾಗಿಯೇ ನಿಂತರೆ, ಹಿಂದಿನವನು ಅವನನ್ನು ನೂಕುತ್ತಾನೆ. ನಿಂತವನೇ ಆ ದಿನದ ಒಳ್ಳೆಯ ವಿದ್ಯಾರ್ಥಿಯೆಂಬುದು ನಮಗೆ ಹೊಳೆಯುವುದೇ ಇಲ್ಲ.

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯವು ನಮಗೆ ಹೊಸದಲ್ಲ. ೧೮೬೫ರಲ್ಲಿ ವೈದ್ಯ ಎಡ್ವರ್ಡ್ ಬಾಲ್ಫೋರನ ಪ್ರಯತ್ನದಿಂದ ಅದು ದಂಡಿನ ಪ್ರದೇಶದಲ್ಲಿ ಹುಟ್ಟಿತು. ೧೮೭೭ರಲ್ಲಿ ಸ್ಯಾಂಕಿಯ ಯೋಜನೆಯಂತೆ ಎದ್ದ ಈಗಿನ ಕೆಂಪು ಕಟ್ಟಡಕ್ಕೆ ಬಂದಿತು. ಆ ಕಾಲದ ಜನ ಅದನ್ನು 'ತಮಾಷಾ ಬಂಗಲೆ' ಎಂದು ಕರೆಯುತ್ತಿದ್ದರಂತೆ. ಹಿರಿಯರು ಮಾತ್ರ ಪಾದರಕ್ಷೆಗಳನ್ನು ಹೊರಗೆ ಬಿಟ್ಟು ಒಳಕ್ಕೆ ಹೋಗುತ್ತಿದ್ದರಂತೆ. ಒಂದೇ ಮನೆ ಒಬ್ಬರಿಗೆ ತಮಾಷೆ, ಇನ್ನೊಬ್ಬರಿಗೆ ಗುಡಿ! ನನ್ನನ್ನು ಕೇಳಿದರೆ ಮಗುವಿಗೆ ಎರಡೂ ಬೇಕು. ಮೊಹೆಂಜೊದಾರೊವಿನ ಮಡಕೆ ಕುಡಿಕೆಗಳು, ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಅಗೆದು ತೆಗೆದ ವಸ್ತುಗಳು, ಹಳೇಬೀಡಿನ ಶಿಲ್ಪಗಳು, ಕೊಡಗಿನ ಆಯುಧಗಳು, ಹೀಗೆ ಅಲ್ಲಿ ಇರುವುದು ಬಹಳ. ಬಹಳವಿರುವುದರಿಂದಲೇ ಎಳೆಯ ಮಗುವಿಗೆ ಅದು ಅಪಾಯ. ದೊಡ್ಡ ಜಾತ್ರೆಯಲ್ಲಿ ಮಗು ಕಳೆದುಹೋಗುವಂತೆ ಅದರ ಮನಸ್ಸು ಅಲ್ಲಿ ಕಳೆದುಹೋಗುತ್ತದೆ.

ಆದುದರಿಂದ ನನ್ನ ಮೊಮ್ಮಗನಿಗೆ ಆರು ತುಂಬಿದ ವರ್ಷ ಅವನನ್ನು ಅಲ್ಲಿಗೆ ಕರೆದೊಯ್ದಾಗ ನಾನು ಒಂದು ನೇಮ ಮಾಡಿಕೊಂಡೆನು. ನೋಡುವುದು ಒಂದೇ ಕಲ್ಲು. ಅದರ ಕಥೆಯನ್ನು ರೈಲಿನಲ್ಲೇ ಹೇಳಿ ಮುಗಿಸತಕ್ಕದ್ದು. ತಿಪಟೂರಿನಿಂದ ಬೆಂಗಳೂರಿಗೆ ನೂರ ನಲವತ್ತು ಕಿಲೋಮೀಟರಿನ ಆಸುಪಾಸಿನ ಹಾದಿ. ಕಥೆಗೆ ಬೇಕಾದಷ್ಟು ಹೊತ್ತು ಸಿಕ್ಕುತ್ತದೆ.

ಆ ಕಲ್ಲು ಆತಕೂರಿನದು. ಮಂಡ್ಯ ಜಿಲ್ಲೆಯ ಮದ್ದೂರು ಸೀಮೆಯ ಊರು ಅದು. ಕ್ರಿಸ್ತಶಕ ೯೪೯-೫೦ರಲ್ಲಿ, ಗಂಗರ ಇಮ್ಮಡಿ ಬೂತುಗನ ಕಾಲದಲ್ಲಿ ನಿಲ್ಲಿಸಿದ್ದು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನಿಗೂ ಚೋಳರ ರಾಜಾದಿತ್ಯನಿಗೂ ತಕ್ಕೋಲವೆಂಬಲ್ಲಿ ಘೋರ ಯುದ್ಧವಾಯಿತು. ತಕ್ಕೋಲ ಈಗಿನ ತಮಿಳುನಾಡಿನಲ್ಲಿ ಅರಕ್ಕೋಣಕ್ಕೆ ಸಮೀಪದಲ್ಲಿದೆ. ಕೃಷ್ಣನ ಪರವಾಗಿ ಹೋರಾಡಿದ ಬೂತುಗನು ಆನೆಯ ಮೇಲಿದ್ದ ರಾಜಾದಿತ್ಯನನ್ನು ಕೊಂದನು. ಬೂತುಗನ ಕಡೆಯಲ್ಲಿ ಮಣಲೆರನೆಂಬ ಬಂಟನಿದ್ದನು. ಅವನ ಶೌರ್ಯಕ್ಕೆ ಅರಸು ಮೆಚ್ಚಿ ಬೇಕಾದುದನ್ನು ಬೇಡಿಕೊಳ್ಳೆಂದಾಗ, ಆ ಮಹರಾಯನು ಹೊನ್ನನ್ನು ಬೇಡಲಿಲ್ಲ, ಕುದುರೆಯನ್ನು ಬೇಡಲಿಲ್ಲ. ಕಾಳಿಯೆಂಬ ನಾಯಿಯನ್ನು ಬೇಡಿದನು! ಮುಂದೆ ಕೆಳಲೆನಾಡಿನ ಬೆಳತೂರಿನ ಗುಡ್ಡದಲ್ಲಿ ದೊಡ್ಡದೊಂದು ಕಾಡುಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ನಾಯಿಯೂ ಹಂದಿಯೂ ಕಾದಾಡಿ ಎರಡೂ ಸತ್ತವು. ಆ ನಾಯಿಯ ನೆನಪಿಗೆ ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿ ಬಿಟ್ಟು, ಪೂಜೆ ಮಾಡದೆ ಉಣ್ಣುವ ಗೊರವನಿಗೆ ಪಾಪವೆಂದು ಬರೆಯಿಸಿದರು. ಕಲ್ಲಿನಲ್ಲಿ ನಾಯಿಯೂ ಹಂದಿಯೂ ಸೆಣಸುವ ಚಿತ್ರವಿದೆ. ಜೊತೆಗೆ ಹಳಗನ್ನಡದ ಬರವಣಿಗೆ.

ಸಭಿಕರೇ, ಜಗತ್ತಿನ ವಸ್ತುಸಂಗ್ರಹಾಲಯಗಳಲ್ಲಿ ರಾಜರ ಶಿಲೆಗಳಿಗೇನು ಕೊರತೆ? ಈಜಿಪ್ಟಿನಲ್ಲಿ ಬೆಕ್ಕುಗಳ ಶವಗಳನ್ನು ಸುಗಂಧದ್ರವ್ಯದಿಂದ ಕಾಪಾಡಿ ಸುತ್ತಿಟ್ಟರೆಂಬುದನ್ನೂ ಓದಿದ್ದೇವೆ. ಆದರೆ ಆ ಬೆಕ್ಕುಗಳ ಹೆಸರನ್ನು ಬಲ್ಲವರಾರು? ಇಲ್ಲಿ ಒಂದು ನಾಯಿಯ ಹೆಸರು, ಅದು ಸತ್ತ ಊರಿನ ಹೆಸರು, ಅದನ್ನು ಸಾಕಿದವನ ಹೆಸರು, ಮೂರೂ ಕನ್ನಡದಲ್ಲಿ ಸಾವಿರ ವರ್ಷ ಉಳಿದು ಬಂದಿವೆ.

ಹುಡುಗನು ಏನು ಮಾಡಿದನೆಂದು ಹೇಳುತ್ತೇನೆ. ಕಲ್ಲಿನ ಮುಂದೆ ನಿಂತು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, "ತಾತ, ಹಂದಿಗೆ ಯಾಕೆ ಹೆಸರಿಲ್ಲ?" ಎಂದನು. ಮೂವತ್ತು ವರ್ಷ ಪಾಠ ಹೇಳಿದ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ. ಗೆದ್ದವರ ಹೆಸರು ಉಳಿಯುತ್ತದೆ, ಸಾಕಿದವರಿದ್ದರೆ ಹೆಸರಿರುತ್ತದೆ, ಕಾಡಿನಲ್ಲಿರುವುದಕ್ಕೆ ಹೆಸರಿಡುವವರಾರು ಎಂದು ಏನೇನೋ ಹೇಳಿದೆನು. ಅವನು ಒಪ್ಪಿದಂತೆ ಕಾಣಲಿಲ್ಲ. ಮೂಲಗಳನ್ನು ಓದುವ ವಿದ್ವಾಂಸನು ಕೇಳುವ ಪ್ರಶ್ನೆಯೂ ಇದೇ ಅಲ್ಲವೇ? ಬರೆಯಿಸಿದವರಾರು, ಯಾರನ್ನು ಬಿಟ್ಟು ಬರೆಯಿಸಿದರು? ಅನಂತರ ಅವನು ಗಾಳಿಯಲ್ಲಿ ಬೆರಳಾಡಿಸಿ ಅಕ್ಷರಗಳನ್ನು ಹುಡುಕತೊಡಗಿದನು. ತಾನು ಕಲಿತ ರಕಾರವನ್ನು ಹೋಲುವುದೊಂದು ಸಿಕ್ಕಿದಾಗ ಅವನಿಗಾದ ಸಂತೋಷವನ್ನು ಏನೆಂದು ವರ್ಣಿಸಲಿ! ನಂಟರ ಮನೆಯ ಮದುವೆಯಲ್ಲಿ ತನ್ನ ಊರಿನವನೊಬ್ಬನು ಕಂಡಂತಾಯಿತು. ಆ ಕಲ್ಲು ಮುಗಿದ ಕೂಡಲೇ ನಾವು ಹೊರಕ್ಕೆ ಬಂದೆವು. ಕಾವಲುಗಾರನು ಇನ್ನೂ ಮಹಡಿಯಿದೆ, ನೋಡಿಲ್ಲವಲ್ಲ ಎಂದು ಕರೆದನು. ಇನ್ನೊಮ್ಮೆ ಬರುತ್ತೇವೆಂದು ಹೇಳಿ ಕಬ್ಬನ್ ಉದ್ಯಾನದ ನೆರಳಿನಲ್ಲಿ ಕೂತು ಬುತ್ತಿ ಬಿಚ್ಚಿದೆವು. (ಪ್ರಸಕ್ತವಾಗಿ ಒಂದು ಸೂಚನೆ: ಇಂಥ ಕಟ್ಟಡಗಳು ವಾರಕ್ಕೊಂದು ದಿನ ರಜೆ ಮಾಡುವುದೂ, ಹಲವು ವೇಳೆ ದುರಸ್ತಿಗೆಂದು ಮುಚ್ಚುವುದೂ ಉಂಟು. ಮಗುವಿಗೆ ಆಸೆ ಹುಟ್ಟಿಸುವ ಮುನ್ನ ತೆರೆದಿದೆಯೇ ಎಂದು ವಿಚಾರಿಸಿಕೊಳ್ಳಬೇಕು.)

ಈಗ ಕಠಿನವಾದ ಪ್ರಶ್ನೆ. "ಸಾವಿರ ವರ್ಷ" ಎಂದರೆ ಮಗುವಿಗೆ ಏನು ಹೇಳಿದಂತಾಯಿತು? ಅದಕ್ಕೆ ನಿನ್ನೆಯೂ ಹಿಂದೆ, ಅಜ್ಜಿಯ ಮದುವೆಯೂ ಹಿಂದೆ, ರಾಮನೂ ಹಿಂದೆ. ಇಸವಿಯ ಸಂಖ್ಯೆ ಇಲ್ಲಿ ಕೆಲಸಕ್ಕೆ ಬಾರದು. ನಮ್ಮ ಸೀಮೆಗೆ ದೇವರು ಬೇರೊಂದು ಗಡಿಯಾರ ಕೊಟ್ಟಿದ್ದಾನೆ. ತೆಂಗಿನ ಮರ ತಿಂಗಳಿಗೊಂದರಂತೆ ವರ್ಷಕ್ಕೆ ಹನ್ನೆರಡರ ಆಸುಪಾಸು ಗರಿ ಬಿಡುತ್ತದೆ. ಉದುರಿದ ಪ್ರತಿಯೊಂದು ಗರಿಯೂ ಕಾಂಡದ ಮೇಲೆ ಒಂದು ಬಳೆಯ ಗುರುತನ್ನು ಬಿಟ್ಟು ಹೋಗುತ್ತದೆ. ಮಗುವನ್ನು ಮರದ ಬುಡಕ್ಕೆ ಕರೆದುಕೊಂಡು ಹೋಗಿ ಹನ್ನೆರಡು ಬಳೆ ಎಣಿಸಿರಿ. "ಇದು ಒಂದು ವರ್ಷ, ನೀನು ಹುಟ್ಟಿದ್ದು ಮೇಲಿನಿಂದ ಇಷ್ಟು ಕೆಳಗೆ, ನಿಮ್ಮಪ್ಪ ಹುಟ್ಟಿದ್ದು ಇಲ್ಲಿ, ಈ ಮರವನ್ನು ನನ್ನ ತಂದೆ ನೆಟ್ಟದ್ದು" ಎಂದು ತೋರಿಸಿರಿ. ಒಂದು ಮರಕ್ಕೆ ಎಪ್ಪತ್ತೈದು ವರ್ಷದ ಆಯುಸ್ಸೆಂದು ಇಟ್ಟುಕೊಂಡರೆ, ಒಂದು ಬಿದ್ದ ದಿನವೇ ಅದೇ ಗುಣಿಯಲ್ಲಿ ಇನ್ನೊಂದು ಸಸಿ ನೆಡುತ್ತ ಬಂದರೆ, ಕಾಳಿ ಸತ್ತ ದಿನದಿಂದ ಇಂದಿನವರೆಗೆ ಹದಿನಾಲ್ಕು ಮರವಾಯಿತು. ಹದಿನಾಲ್ಕು ಮರವನ್ನು ಆರು ವರ್ಷದ ಮಗು ಎಣಿಸಬಲ್ಲದು, ಮುಟ್ಟಬಲ್ಲದು, ಒಂದರಿಂದ ಇನ್ನೊಂದಕ್ಕೆ ಓಡಬಲ್ಲದು. ಬ್ರಹ್ಮಗಿರಿಯ ಅಶೋಕನ ಬಂಡೆಗೆ ಮೂವತ್ತು ಮರ. ಮೊಹೆಂಜೊದಾರೊವಿನ ಮಡಕೆಗೆ ಅರವತ್ತು. ಸುಮಾರಾಗಿ ಒಂದೆಕರೆ ತೋಟ.

ಕಿಬ್ಬನಹಳ್ಳಿಗೆ? ನಾವೆಲ್ಲರೂ ಆ ಹೆಸರನ್ನು ಬಸ್ಸು ಬದಲಾಯಿಸುವ ಕೂಡುರಸ್ತೆಯೆಂದೇ ಬಲ್ಲೆವು. ತುರುವೇಕೆರೆಯ ದಾರಿ, ಚಿಕ್ಕನಾಯಕನಹಳ್ಳಿಯ ದಾರಿ, ತಿಪಟೂರಿನ ದಾರಿ ಅಲ್ಲಿ ಸೇರುತ್ತವೆ. ಆದರೆ ಪ್ರಾಗೈತಿಹಾಸ ಬಲ್ಲವರಿಗೆ ಕಿಬ್ಬನಹಳ್ಳಿಯೆಂದರೆ ಹಳೆಯ ಶಿಲಾಯುಗದ ನೆಲೆ. ಡಾ. ಎಂ. ಶೇಷಾದ್ರಿಯವರು ಅಲ್ಲಿನ ಕಲ್ಲಿನ ಉಪಕರಣಗಳನ್ನು ಕುರಿತು ೧೯೫೦ರ ದಶಕದಲ್ಲಿ ಪ್ರೌಢಪ್ರಬಂಧವನ್ನು ಪ್ರಕಟಿಸಿದರು. ಇಕ್ಕೆಲಗಳಲ್ಲಿಯೂ ಚಕ್ಕೆ ತೆಗೆದು ಹರಿತ ಮಾಡಿದ ಕೈಗೊಡಲಿಗಳು ಅವು. ಲಕ್ಷ ವರ್ಷಕ್ಕೂ ಹಿಂದಿನ ಮನುಷ್ಯರ ಕೈಕೆಲಸ. ನಮ್ಮ ಲೆಕ್ಕದಲ್ಲಿ ಲಕ್ಷ ವರ್ಷಕ್ಕೆ ಸಾವಿರದ ಮುನ್ನೂರಕ್ಕೆ ಮಿಕ್ಕಿದ ಮರ, ಇಪ್ಪತ್ತು ಎಕರೆಗೂ ದೊಡ್ಡ ತೋಟ! ಇದನ್ನು ಹೇಳಿದಾಗ ಮೊಮ್ಮಗನು ನೆರೆಯವರ ತೋಟವನ್ನೂ ಸೇರಿಸಿಕೊಳ್ಳೋಣವೆಂದನು. ಅದರಿಂದ ಕಾಲದ ಅಳತೆ ಅವನಿಗೆ ಹತ್ತಿತೆಂದು ನಾನು ತಿಳಿದೆನು. ನೆರೆಯವರಿಗೆ ಈ ವಿಚಾರವನ್ನು ಇನ್ನೂ ತಿಳಿಸಿಲ್ಲ.

ಕಾಳಿಯ ಕಲ್ಲಿನಲ್ಲಿ ಇನ್ನೊಂದು ಸಂಗತಿಯಿದೆ. ಇದು ಮಗುವಿಗಿಂತಲೂ ದೊಡ್ಡ ಹುಡುಗರಿಗೆ ಹೇಳತಕ್ಕದ್ದು. ರಾಜಾದಿತ್ಯನನ್ನು ಕೊಂದ ಬೂತುಗನಿಗೆ ಕೃಷ್ಣನು ಕೊಟ್ಟ ನಾಡುಗಳ ಪಟ್ಟಿಯೂ ಅದರಲ್ಲಿ ಕೊರೆಯಲ್ಪಟ್ಟಿದೆ: ಬನವಾಸಿ ಹನ್ನೆರಡು ಸಾವಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತು. ಈಗಿನ ಹೆಸರುಗಳಲ್ಲಿ ಹೇಳುವುದಾದರೆ ಉತ್ತರ ಕನ್ನಡದ ಬನವಾಸಿ, ಗದಗಿನ ಸೀಮೆ, ಲಕ್ಷ್ಮೇಶ್ವರ, ಪಟ್ಟದಕಲ್ಲಿನ ಸುತ್ತಿನ ನಾಡು, ಬಾಗಲಕೋಟೆಯ ಕಡೆ. ಕೊಟ್ಟ ಚಕ್ರವರ್ತಿಯ ರಾಜಧಾನಿಯೋ ಮಾನ್ಯಖೇಟ, ಕಲಬುರಗಿ ಜಿಲ್ಲೆಯ ಮಳಖೇಡ. ೧೯೪೭ರ ಭೂಪಟವನ್ನು ತೆಗೆದು ಈ ಊರುಗಳನ್ನು ಹುಡುಕಿರಿ. ಬನವಾಸಿಯೂ ಗದಗವೂ ಪಟ್ಟದಕಲ್ಲೂ ಮುಂಬಯಿ ಪ್ರಾಂತದಲ್ಲಿ. ಲಕ್ಷ್ಮೇಶ್ವರವು ಮಿರಜದ ಸಂಸ್ಥಾನಿಕರ ಕೈಯಲ್ಲಿ. ಮಳಖೇಡವು ನಿಜಾಮನ ರಾಜ್ಯದಲ್ಲಿ. ಕಲ್ಲು ನಿಂತ ಆತಕೂರು ಮಾತ್ರ ಮೈಸೂರಿನಲ್ಲಿ. ಒಂದು ನಾಯಿಯ ಕಲ್ಲಿನಲ್ಲಿ ಒಟ್ಟಿಗಿದ್ದ ಊರುಗಳು ನಾಲ್ಕು ಒಡೆತನಗಳಲ್ಲಿ ಹರಿದು ಹಂಚಿಹೋಗಿದ್ದವು! ೧೯೫೬ರ ನವೆಂಬರ್ ೧ರಂದು ಅವು ತಿರುಗಿ ಒಂದಾದುವು; ೧೯೭೩ರಲ್ಲಿ ಆ ನಾಡಿಗೆ ಕರ್ನಾಟಕವೆಂಬ ಹೆಸರಾಯಿತು. ಏಕೀಕರಣವೆಂದರೇನೆಂದು ಹತ್ತು ವರ್ಷದ ಹುಡುಗನಿಗೆ ತಿಳಿಸಲು ನಾನು ಇದಕ್ಕಿಂತ ಒಳ್ಳೆಯ ಪಾಠೋಪಕರಣವನ್ನು ಕಂಡಿಲ್ಲ. ಭಾಷಣಗಳಲ್ಲಿ ಹೇಳುವ ವೈಭವಕ್ಕಿಂತ ಈ ಪಟ್ಟಿ ಹೆಚ್ಚು ನೆಚ್ಚತಕ್ಕದ್ದು. ಏಕೆಂದರೆ ಇದನ್ನು ಬರೆದವನಿಗೆ ನಮ್ಮನ್ನು ಹುರಿದುಂಬಿಸುವ ಉದ್ದೇಶವಿರಲಿಲ್ಲ. ಯಾರಿಗೆ ಎಷ್ಟು ನಾಡು ಸಂದಿತೆಂಬ ಲೆಕ್ಕವಷ್ಟೇ ಅವನಿಗೆ ಬೇಕಾಗಿತ್ತು.

ಇನ್ನು ನಮ್ಮ ಮನೆಯ ಬಾಗಿಲಿಗೆ ಬರೋಣ. ಬೆಂಗಳೂರಿನಿಂದ ಬಂದ ಮೂರನೆಯ ದಿನವೋ ನಾಲ್ಕನೆಯ ದಿನವೋ ಮೊಮ್ಮಗನು ಊರಿನ ಕೆರೆಯ ಏರಿಯ ಕಡೆಯಿಂದ ಓಡಿಬಂದು, "ತಾತ, ಅಲ್ಲೊಂದು ಕಾಳಿಕಲ್ಲಿದೆ" ಎಂದನು. ಹೋಗಿ ನೋಡಿದರೆ, ನಾನು ಬಾಲ್ಯದಿಂದ ಕಂಡಿದ್ದ ಕಲ್ಲೇ! ಅಡ್ಡಲಾಗಿ ಬಿದ್ದಿತ್ತು. ಅದರ ಮೇಲೆ ಬಟ್ಟೆ ಒಗೆಯುತ್ತಿದ್ದರು. ಮಗ್ಗುಲಿನಲ್ಲಿ ಮೂರು ಅಂತಸ್ತು: ಕೆಳಗೆ ಬಿಲ್ಲು ಹಿಡಿದು ಕಾದುವವನು, ಅವನ ಮುಂದೆ ದನಗಳು, ನಡುವೆ ಅಪ್ಸರೆಯರು ಅವನನ್ನು ಮೇಲಕ್ಕೆ ಕರೆದೊಯ್ಯುವುದು, ಮೇಲೆ ಲಿಂಗದ ಮುಂದೆ ಅವನು ಕುಳಿತಿರುವುದು, ಸೂರ್ಯಚಂದ್ರರು. ತುರುಗಳನ್ನು ಹಿಡಿಯಲು ಬಂದವರೊಡನೆ ಹೋರಾಡಿ ಸತ್ತವನ ವೀರಗಲ್ಲು ಅದು. ಹಸುಕರುಗಳಿಗೆ ತುರುವೆಂಬ ಆ ಹಳೆಯ ಮಾತು ನಮ್ಮ ತುರುವೇಕೆರೆಯ ಹೆಸರಿನಲ್ಲಿ ಇಂದಿಗೂ ಕಿವಿಗೆ ಕೇಳಿಸುತ್ತದೆ. ಆರು ವರ್ಷದವನು ಒಂದೇ ಕಲ್ಲನ್ನು ಸರಿಯಾಗಿ ನೋಡಿ ಬಂದದ್ದರಿಂದ ಎರಡನೆಯದನ್ನು ತಾನೇ ಗುರುತಿಸಿದನು. ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋದ ಖರ್ಚು ನನಗೆ ಆ ದಿನ ವಸೂಲಾಯಿತು.

ಬಟ್ಟೆ ಒಗೆಯುವವರನ್ನು ನಾನು ದೂರುವುದಿಲ್ಲ. ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಿದ ಮೇಲೆ ಅವರೇ ನಾಲ್ಕು ಜನ ಕೈಹಚ್ಚಿ ಕಲ್ಲನ್ನು ನೆಟ್ಟಗೆ ನಿಲ್ಲಿಸಿದರು. ಒಗೆಯಲು ಬೇರೆ ಚಪ್ಪಡಿ ಹಾಕಿಕೊಂಡರು. ನಿಜವಾದ ಭಯ ಬೇರೆ ಕಡೆಯಿಂದ. ನಿಧಿಯ ಆಸೆಯಿಂದ ರಾತ್ರಿ ಹೊತ್ತು ಗುಡಿಯ ಮುಂದಿನ ಕಲ್ಲುಗಳನ್ನು ಅಗೆದು ಒಡೆಯುವವರಿದ್ದಾರೆ. ರಸ್ತೆ ಅಗಲ ಮಾಡುವ ಯಂತ್ರವು ಒಂದು ಗಂಟೆಯಲ್ಲಿ ಮಾಡುವುದನ್ನು ಸಾವಿರ ಮಳೆಗಾಲಗಳು ಮಾಡಲಾರವು. ಇನ್ನು ಭಕ್ತಿಯಿಂದಾಗುವ ಕೇಡು: ಎಣ್ಣೆ, ಸುಣ್ಣ, ಈಚೆಗೆ ಥಳಥಳಿಸುವ ಬಣ್ಣ. ಅಕ್ಷರದ ಗೆರೆಯೊಳಗೆ ಬಣ್ಣ ತುಂಬಿಕೊಂಡರೆ ಓದುವವನು ಕುರುಡನೇ. ೧೯೬೧ರ ಪ್ರಾಚೀನ ಸ್ಮಾರಕಗಳ ಕಾಯಿದೆಯಿದೆ, ಇಲಾಖೆಯಿದೆ ಎನ್ನುವಿರಿ. ಇಲಾಖೆಯ ರಕ್ಷಣೆ ಪಟ್ಟಿಯಲ್ಲಿ ಸೇರಿದ ದೇವಾಲಯಗಳಿಗೆ. ಪ್ರತಿ ಹಳ್ಳಿಯ ಏರಿಯ ಮೇಲಿನ ಕಲ್ಲಿಗೆ ಕಾವಲು ಇಡಲು ಯಾವ ಸರ್ಕಾರದಿಂದಲೂ ಆಗದು.

ಹಾಗಾದರೆ ಎಲ್ಲವನ್ನೂ ಬೆಂಗಳೂರಿಗೆ ಸಾಗಿಸಬೇಕೋ? ಕಾಳಿಯ ಕಲ್ಲು ಅಲ್ಲಿಗೆ ಹೋದದ್ದರಿಂದ ಉಳಿಯಿತೆಂಬುದನ್ನು ಒಪ್ಪುತ್ತೇನೆ. ಆದರೂ ಆತಕೂರಿನ ಮಗುವೊಂದು ತನ್ನ ಊರಿನ ನಾಯಿಯನ್ನು ನೋಡಲು ಬೆಂಗಳೂರಿಗೆ ಹೋಗಬೇಕಾಯಿತಲ್ಲ ಎಂಬ ಕೊರಗು ನನಗಿದೆ. ಕಲ್ಲು ತನ್ನ ಕೆರೆ, ತನ್ನ ಗುಡಿ, ತನ್ನ ಗುಡ್ಡಗಳ ನಡುವೆ ನಿಂತಾಗ ಹೇಳುವ ಅರ್ಧ ಮಾತನ್ನು ಗೋಡೆಯ ಒಳಗೆ ಹೇಳಲಾರದು. ಬೆಂಗಳೂರಿನವರೇ ಈಚೆಗೆ ಒಂದು ಮೇಲ್ಪಂಕ್ತಿ ಹಾಕಿದ್ದಾರೆ. ಹೆಬ್ಬಾಳದಲ್ಲಿ ಗಂಗ ಶ್ರೀಪುರುಷನ ಕಾಲದ, ಸುಮಾರು ೭೫೦ನೆಯ ಇಸವಿಯ, ಕಿತ್ತಯ್ಯನೆಂಬ ವೀರನ ಕಲ್ಲು ಕೆಲವು ವರ್ಷಗಳ ಹಿಂದೆ ಚರಂಡಿ ಅಗೆಯುವಾಗ ಸಿಕ್ಕಿತು. ಊರಿನವರೂ ಶಾಸನಪ್ರಿಯರೂ ಸೇರಿ ಅದನ್ನು ಅಲ್ಲಿಯೇ ಮಂಟಪ ಕಟ್ಟಿ ನಿಲ್ಲಿಸಿದರು. ೨೦೨೧ರಿಂದ ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಿನ ಶಾಸನಗಳನ್ನು ಯಂತ್ರದ ಬೆಳಕಿನಿಂದ ಅಳೆದು, ಕಲ್ಲು ಹಾಳಾದರೂ ಅಕ್ಷರ ಉಳಿಯುವಂತೆ ಪ್ರತಿರೂಪ ಮಾಡುವ ಕೆಲಸ ಹಿಡಿದಿದ್ದಾರೆ. ರಾಜಧಾನಿಯ ಗದ್ದಲದ ನಡುವೆ ಅವರು ಮಾಡಿದ್ದನ್ನು ತೋಟದ ನೆರಳಿನಲ್ಲಿರುವ ನಾವು ಮಾಡಲಾರೆವೇ?

ನಮಗೆ ಕೈಪಿಡಿಯೂ ಸಿದ್ಧವಾಗಿದೆ. ಬಿ. ಎಲ್. ರೈಸರು ೧೯೦೪ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಹನ್ನೆರಡನೆಯ ಸಂಪುಟ ಪೂರ್ತಿಯಾಗಿ ನಮ್ಮ ತುಮಕೂರು ಜಿಲ್ಲೆಯದು. ತಾಲೂಕುವಾರಾಗಿ, ಊರಿನ ಹೆಸರಿನೊಡನೆ, ಕಲ್ಲು ಎಲ್ಲಿದೆಯೆಂಬ ವಿವರದೊಡನೆ ಶಾಸನಗಳು ಅಚ್ಚಾಗಿವೆ. ನೂರಿಪ್ಪತ್ತು ವರ್ಷಕ್ಕೆ ಮೇಲಾಯಿತು. ಅವುಗಳಲ್ಲಿ ಎಷ್ಟು ಇಂದಿಗೂ ನಿಂತಿವೆ? ಇದಕ್ಕೆ ಉತ್ತರ ಹೇಳಬಲ್ಲವರು ಹಳ್ಳಿಹಳ್ಳಿಯಲ್ಲಿರುವ ಉಪಾಧ್ಯಾಯರೂ ಅವರ ಮಕ್ಕಳೂ ಮಾತ್ರ. ಪ್ರತಿಯೊಂದು ಶಾಲೆಯೂ ತನ್ನ ಊರಿನ ಪುಟವನ್ನು ಮಾತ್ರ ಪ್ರತಿ ಮಾಡಿಕೊಂಡು, ಮಕ್ಕಳೊಡನೆ ಹೋಗಿ, ಇದೆ, ಇಲ್ಲ, ಒಡೆದಿದೆ, ಬಿದ್ದಿದೆ ಎಂದು ಒಂದು ನೋಟುಬುಕ್ಕಿನಲ್ಲಿ ಬರೆಯಲಿ. ಪುಸ್ತಕದಲ್ಲಿಲ್ಲದ ಬರವಣಿಗೆಯಿಲ್ಲದ ವೀರಗಲ್ಲುಗಳೂ ಮಾಸ್ತಿಕಲ್ಲುಗಳೂ ಎಷ್ಟೋ ಇವೆ, ಅವನ್ನೂ ಸೇರಿಸಲಿ. ತೀರ್ಥಪುರದಲ್ಲಿ ಹುಟ್ಟಿದ ತೀ. ನಂ. ಶ್ರೀಕಂಠಯ್ಯನವರೂ, ಸಂಪಿಗೆಯಲ್ಲಿ ಹುಟ್ಟಿದ ಬಿ. ಎಂ. ಶ್ರೀಕಂಠಯ್ಯನವರೂ ಈ ಮಣ್ಣಿನವರೆಂದು ಹೆಮ್ಮೆಪಡುವ ನಾವು, ಅವರು ಪ್ರೀತಿಸಿದ ಹಳಗನ್ನಡವು ನಮ್ಮದೇ ತೋಟದಲ್ಲಿ ಮೊಗವಡಿಯಾಗಿ ಬಿದ್ದಿರಲು ಬಿಡಬಹುದೇ?

ಎಲ್ಲಿಂದ ಮೊದಲು ಮಾಡುವುದೆಂದು ಕೇಳಿದಿರಾದರೆ, ಚೆಲುವಾದುದರಿಂದ ಮೊದಲು ಮಾಡೋಣ. ನಮ್ಮ ತಾಲೂಕಿನ ಅರಳಗುಪ್ಪೆಯ ಕಲ್ಲೇಶ್ವರನ ಗುಡಿ ಒಂಬತ್ತನೆಯ ಶತಮಾನದ್ದು, ನೊಳಂಬರ ಕಾಲದ್ದು. ಅದರ ಒಳಚಾವಣಿಯಲ್ಲಿ ನಡುವೆ ಕುಣಿಯುವ ಶಿವ, ಸುತ್ತ ತಮ್ಮ ತಮ್ಮ ವಾಹನಗಳ ಮೇಲೆ ಎಂಟು ದಿಕ್ಪಾಲಕರು. ಅಂಗಾತ ಮಲಗಿ ನೋಡಬೇಕು. ದೊಡ್ಡವರು ಸಂಕೋಚಪಡುತ್ತಾರೆ, ಮಕ್ಕಳು ಕೂಡಲೇ ಮಲಗುತ್ತಾರೆ. ಅದೇ ಊರಿನಲ್ಲಿ ಹೊಯ್ಸಳರ ಚೆನ್ನಕೇಶವನ ಗುಡಿ; ಹೊನ್ನೋಜನೆಂಬ ಶಿಲ್ಪಿ ತನ್ನ ಹೆಸರನ್ನು ಅಲ್ಲಿ ಕೊರೆದಿದ್ದಾನೆ. ವಿಘ್ನಸಂತೆಯ ಲಕ್ಷ್ಮೀನರಸಿಂಹನ ಗುಡಿಯನ್ನು ೧೨೮೬ರಲ್ಲಿ ಕಟ್ಟಿಸಿದವರು ಮೂವರು ಅಣ್ಣತಮ್ಮಂದಿರು. ತುರುವೇಕೆರೆಯ ಗಂಗಾಧರೇಶ್ವರನ ಮುಂದಿನ ಕರಿಯ ನಂದಿಯ ನುಣುಪು ಇನ್ನೂ ಮಾಸಿಲ್ಲ. ಅದರಲ್ಲಿ ಮಗು ತನ್ನ ಮುಖದ ನೆರಳನ್ನು ಹುಡುಕದೆ ಬಿಡುವುದಿಲ್ಲ. ಒಂದು ಸಲಕ್ಕೆ ಒಂದೇ, ನೆನಪಿರಲಿ.

ಬರುವ ಭಾನುವಾರ ಅರಳಗುಪ್ಪೆಗೆ ಹೊರಡುವುದೆಂದು ನಾವು ಕೆಲವರು ಗೊತ್ತುಮಾಡಿಕೊಂಡಿದ್ದೇವೆ. ಬರುವ ಹಿರಿಯರು ತಲೆಗೊಂದು ಮಗುವನ್ನು ಕರೆತರಬೇಕು. ಸ್ವಂತದ್ದಿಲ್ಲದವರು ನೆರೆಮನೆಯದನ್ನು ಕೇಳಿ ತರಬಹುದು. ಬುತ್ತಿ, ನೀರು, ಪೆನ್ಸಿಲು, ಅಳೆಯುವ ಪಟ್ಟಿ ಇಷ್ಟು ಸಾಕು. ಅಕ್ಷರ ಕಾಣಲೆಂದು ಸೀಮೆಸುಣ್ಣ ಬಳಿಯುವುದು, ಮೊಳೆಯಿಂದ ಗೆರೆ ಕೆದಕುವುದು ಕೂಡದು. ಸ್ವಲ್ಪ ನೀರು ಚಿಮುಕಿಸಿ, ಓರೆಯಾಗಿ ಬೀಳುವ ಬೆಳಕಿನಲ್ಲಿ ನೋಡಿದರೆ ಸವೆದ ಅಕ್ಷರವೂ ಎದ್ದು ನಿಲ್ಲುತ್ತದೆ. ಅಂಥ ಬೆಳಕು ಬೆಳಿಗ್ಗೆ ಒಂಬತ್ತರವರೆಗೆ ಮಾತ್ರವಾದುದರಿಂದ ಆರೂವರೆಗೆ ಇಲ್ಲಿಂದ ಹೊರಡುತ್ತೇವೆ.